ಚುಕ್ಕೆಯಾಚೆಯ ವಿಳಾಸ

ಬೀದಿಯವರೆಲ್ಲ ಅವಳನ್ನು ಬೋರ್ಡಕ್ಕ ಎಂದೇ ಕರೆಯುತ್ತಿದ್ದರು. ಹಿತ್ತಾಳೆ, ಸ್ಟೀಲು, ಮರ, ಅಕ್ರಿಲಿಕ್ಕು, ಯಾವುದರ ಮೇಲೆ ಬೇಕೋ ಅದರ ಮೇಲೆ ಹೆಸರು ಕೊರೆದುಕೊಡುವ ಅಂಗಡಿ ಅವಳದು. ಅಪ್ಪನಿಂದ ಬಂದದ್ದು. ವಕೀಲರು, ಹಲ್ಲಿನ ಡಾಕ್ಟರು, ಹೊಸದಾಗಿ ಮನೆ ಕಟ್ಟಿಸಿದವರು, ಬಡ್ತಿ ಸಿಕ್ಕ ಅಧಿಕಾರಿಗಳು ಎಲ್ಲರೂ ಅಲ್ಲಿಗೇ ಬರಬೇಕು. ಬಂದವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ತಮ್ಮ ಹೆಸರನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಬರೆಯುವಾಗ ಅವರ ಮುಖದಲ್ಲಿ ಒಂದು ಠೀವಿ ಬರುತ್ತದೆ. ಇಪ್ಪತ್ತೆಂಟು ವರ್ಷ ಆ ಠೀವಿಯನ್ನೇ ನೋಡುತ್ತ ಬಂದವಳು ಬೋರ್ಡಕ್ಕ. ಹೆಸರಿಗೆ ಜನ ಎಷ್ಟು ಸೋಲುತ್ತಾರೆ ಎಂಬುದು ಅವಳಿಗೆ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಅದಕ್ಕೇ ಇರಬೇಕು, ಮೈದುನ ಆ ಮಾತು ತೆಗೆದಾಗ ಅವಳ ಕಿವಿ ನೆಟ್ಟಗಾಯಿತು.

ಮೈದುನ ಸೈಟ್ ಬ್ರೋಕರ್. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲೇ ಊಟ. ಒಂದು ಭಾನುವಾರ ಮಧ್ಯಾಹ್ನ ತಟ್ಟೆಯ ಮುಂದೆ ಕೂತವನೇ ಕೇಳಿದ. "ಅತ್ತಿಗೆ, ಒಂದು ಸೈಟ್ ತಗೋತೀರಾ?"

"ಎಲ್ಲಿ?"

"ಎಲ್ಲೂ ಇಲ್ಲ. ಅದೇ ಅದರ ವಿಶೇಷ."

ಬೋರ್ಡಕ್ಕನ ಗಂಡ ಶಾಲೆಯ ಬಸ್ಸಿನ ಡ್ರೈವರು. ದಿನವಿಡೀ ಮಕ್ಕಳ ಗಲಾಟೆ ಕೇಳಿ ಕೇಳಿ ಮನೆಯಲ್ಲಿ ಮಾತು ಕಡಿಮೆ ಮಾಡಿಕೊಂಡವನು. ಅವನು ತಲೆಯೆತ್ತದೆ ಹೇಳಿದ. "ಇಷ್ಟು ದಿನ ನೀರಲ್ಲಿ ಮುಳುಗಿರೋ ಜಾಗನ ಸೈಟ್ ಅಂತ ತೋರಿಸ್ತಿದ್ದ. ಈಗ ಜಾಗನೂ ಬೇಡ ಅಂತ ತೀರ್ಮಾನ ಮಾಡಿದಾನೆ."

"ಅಣ್ಣಾ, ನೀನು ಸುಮ್ನಿರು. ಅತ್ತಿಗೆ, ಇಂಟರ್ನೆಟ್ಟಲ್ಲಿ ವಿಳಾಸ ಇರುತ್ತಲ್ಲ, ಕೊನೇಲಿ ಡಾಟ್ ಕಾಮ್ ಅಂತ? ಅದು ಹಳೇ ಪೇಟೆ. ಒಂದು ಗೇಣು ಜಾಗ ಉಳಿದಿಲ್ಲ, ಒಳ್ಳೊಳ್ಳೆ ಹೆಸರೆಲ್ಲ ಎಂದೋ ಹೋಗಿವೆ. ಈಗ ಹೊಸ ಬಡಾವಣೆಗಳು ತೆರೀತಿದಾರೆ. ಡಾಟ್ ಕಾಮ್ ಇದ್ದ ಜಾಗದಲ್ಲಿ ಬೇರೆ ಬೇರೆ ಬಾಲ. ಅದರಲ್ಲಿ ಒಂದು ಡಾಟ್ ಕ್ಯೂರ್. ಡಾಕ್ಟ್ರು, ಆಸ್ಪತ್ರೆ, ಔಷಧಿಯೋರಿಗೆ ಹೇಳಿ ಮಾಡಿಸಿದ್ದು. ಮೊದಲು ಹೋದೋರಿಗೆ ಮೂಲೆ ಸೈಟು. ಇವತ್ತು ಹಿಡಿದು ಹಾಕಿದ್ರೆ ನಾಳೆ ಅವರೇ ಬಾಗಿಲಿಗೆ ಬರ್ತಾರೆ."

ಬೋರ್ಡಕ್ಕ ಆ ವಾರವೇ ಹದಿನಾಲ್ಕು ಹೆಸರು ಹಿಡಿದಳು. ಎಲ್ಲ ಸೇರಿ ಒಂದು ತಿಂಗಳ ಸಂಪಾದನೆಗಿಂತ ಕಡಿಮೆಯೇ ಆಯಿತು. ಪ್ರತಿ ವರ್ಷ ನವೀಕರಣದ ಹಣ ಕಟ್ಟಬೇಕು, ಅಷ್ಟೆ. ಮೈದುನ ಉದ್ದುದ್ದ ಹೆಸರುಗಳನ್ನು ಸೂಚಿಸಿದ. ಅವಳು ಬೇಡವೆಂದು ಕೈಯಾಡಿಸಿಬಿಟ್ಟಳು. ಬಾಗಿಲ ಮೇಲೆ ಎರಡೇ ಸಾಲಿನಲ್ಲಿ ಕೂರದ ಹೆಸರು ಯಾರ ಬಾಯಲ್ಲೂ ಕೂರುವುದಿಲ್ಲ ಎಂಬುದು ಅವಳ ಅನುಭವ. ಚಿಕ್ಕ ಮಾತುಗಳನ್ನೇ ಆರಿಸಿದಳು. ಮಂಡಿ, ಬೆನ್ನು, ನಿದ್ದೆ, ಉಸಿರು.

ಏಳು ತಿಂಗಳಿಗೆ ಮೊದಲ ಫಲ ಬಂತು. ಮೂಳೆ ಡಾಕ್ಟರೊಬ್ಬರು ಮಂಡಿ ಡಾಟ್ ಕ್ಯೂರ್ ಬೇಕೆಂದರು. ಬೋರ್ಡಕ್ಕ ಹಾಕಿದ್ದರ ಐವತ್ತು ಪಟ್ಟು ಕೇಳಿದಳು. ಅವರು ಚೌಕಾಸಿ ಕೂಡ ಮಾಡದೆ ಕೊಟ್ಟುಬಿಟ್ಟರು. ಆ ಹಣದಲ್ಲಿ ಅಂಗಡಿಗೆ ಲೇಸರಿನಲ್ಲಿ ಕೊರೆಯುವ ಹೊಸ ಯಂತ್ರ ಬಂತು. ಗಂಡ ಯಂತ್ರದ ಸುತ್ತ ಒಂದು ಸುತ್ತು ಹಾಕಿ, "ಯಾರದೋ ಮಂಡಿ, ನಿನಗೆ ಕೈ," ಎಂದ. ಅವನ ಬಾಯಿಂದ ಅದು ದೊಡ್ಡ ಹೊಗಳಿಕೆ.

ಉಳಿದ ಹದಿಮೂರು ಹೆಸರುಗಳಲ್ಲಿ ಒಂದು ಮಾತ್ರ ಬೇರೆ ಜಾತಿಯದು. ಊರ ಹೊರಗಿನ ದಿಣ್ಣೆಯ ಮೇಲೆ ದೊಡ್ಡ ಖಾಸಗಿ ಆಸ್ಪತ್ರೆಯೊಂದಿತ್ತು. ಅದರ ಹೆಸರು ಎರಡೇ ಅಕ್ಷರದ, ಎಲ್ಲರೂ ದಿನಬಳಕೆಯಲ್ಲಿ ಆಡುವ ಮಾತು. ಅಲ್ಲಿನ ಡಾಕ್ಟರುಗಳ ಬಾಗಿಲ ಫಲಕಗಳನ್ನು ಕೊರೆದುಕೊಟ್ಟವಳೂ ಬೋರ್ಡಕ್ಕನೇ. ಹಾಗಾಗಿ ಆ ಹೆಸರನ್ನು ಹಿಡಿಯುವಾಗ ಅವಳಿಗೆ ಆಸ್ಪತ್ರೆಯ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಸ್ಪತ್ರೆಯ ಸ್ವಂತ ವಿಳಾಸದಲ್ಲಿ ಹೆಸರೂ ಕ್ಯೂರ್ ಎಂಬ ಮಾತೂ ಅಂಟಿಕೊಂಡಿದ್ದವು, ಅದಾದ ಮೇಲೆ ಡಾಟ್ ಕಾಮ್ ಇತ್ತು. ಬೋರ್ಡಕ್ಕನ ವಿಳಾಸದಲ್ಲಿ ಹೆಸರು, ಒಂದು ಚುಕ್ಕೆ, ಕ್ಯೂರ್, ಅಷ್ಟಕ್ಕೇ ಮುಗಿಯಿತು. ಕೈ ಒಂದಿಷ್ಟು ತಪ್ಪಿದರೆ ಅಲ್ಲಿಗೆ ಹೋಗಬೇಕಾದದ್ದು ಇಲ್ಲಿಗೆ ಬರುವಷ್ಟೇ ಅಂತರ.

ಬರತೊಡಗಿತು ಕೂಡ.

ಕೊಳ್ಳುವವರ ವಿಚಾರಣೆ ತಪ್ಪಿಹೋಗದಿರಲಿ ಎಂದು ಮೈದುನ ಒಂದು ಏರ್ಪಾಟು ಮಾಡಿದ್ದ. ಆ ಹೆಸರಿನ ಮುಂದೆ ಯಾರು ಏನೇ ಬರೆದು ಮೇಲ್ ಕಳಿಸಲಿ, ಎಲ್ಲವೂ ಬಂದು ಒಂದೇ ಪೆಟ್ಟಿಗೆಗೆ ಬೀಳುವ ಹಾಗೆ. ಮೊದಲು ಬಂದದ್ದು ಕಣ್ಣಿನ ಡಾಕ್ಟರಿಗೆ ಒಬ್ಬ ಅಜ್ಜ ಬರೆದ ಕೃತಜ್ಞತೆಯ ಪತ್ರ. ಬೋರ್ಡಕ್ಕ ಓದಿ ನಕ್ಕಳು. ಮರುವಾರ ಯಾರೋ ತಮ್ಮ ಗುರುತಿನ ಚೀಟಿಯ ಎರಡೂ ಬದಿಯ ಫೋಟೋ ಕಳಿಸಿದ್ದರು. ಆಮೇಲೆ ಒಂದು ಗಾಯದ ಚಿತ್ರ. ಆಮೇಲೆ ಒಬ್ಬಾಕೆ, ಮನೆಯಲ್ಲಿ ಯಾರಿಗೂ ಹೇಳಬೇಡಿ ಎಂದು ಶುರುಮಾಡಿ ನಾಲ್ಕು ಪುಟ ಬರೆದಿದ್ದಳು.

ಮೊದಮೊದಲು ಅವಳು ಪ್ರತಿಯೊಂದಕ್ಕೂ, ಇದು ಆಸ್ಪತ್ರೆಯ ವಿಳಾಸವಲ್ಲ, ದಯವಿಟ್ಟು ಇನ್ನೊಮ್ಮೆ ನೋಡಿ ಕಳಿಸಿ, ಎಂದು ಉತ್ತರ ಬರೆದಳು. ಪತ್ರಗಳು ಹೆಚ್ಚಾದ ಹಾಗೆ ಉತ್ತರಗಳು ಕಡಿಮೆಯಾದವು. ಓದುವುದು ಮಾತ್ರ ನಿಲ್ಲಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದೊಂದೇ ತೆರೆಯುವಳು. ಬೀದಿಯಲ್ಲಿ ಯಾರಾದರೂ ಎದುರಾದರೆ, ಇವರೇನಾ ಅವರು ಎಂದು ಮನಸ್ಸು ಹುಡುಕುತ್ತಿತ್ತು. ತನಗೆ ನಾಚಿಕೆಯಾಗುತ್ತಿದೆ ಎಂಬುದು ಅವಳಿಗೆ ತಿಳಿಯುತ್ತಿತ್ತು. ಆದರೂ ಬೆರಳು ಮುಂದಿನದನ್ನು ಒತ್ತುತ್ತಿತ್ತು.

"ಈ ಪೆಟ್ಟಿಗೆ ಮುಚ್ಚಿಬಿಡೋಣ ಕಣೋ," ಎಂದು ಒಂದು ದಿನ ಮೈದುನನಿಗೆ ಹೇಳಿದಳು. "ಇಲ್ಲಿಗೆ ಬಂದದ್ದು ಹಾಗೇ ವಾಪಸ್ ಹೋದ್ರೆ, ತಪ್ಪಾಗಿದೆ ಅಂತ ಕಳಿಸಿದೋರಿಗಾದ್ರೂ ಗೊತ್ತಾಗುತ್ತೆ."

"ಅಯ್ಯೋ ಅತ್ತಿಗೆ, ಹಾಗೆ ಮಾಡಿದ್ರೆ ಬೆಲೆ ಎಲ್ಲಿಂದ ಬರುತ್ತೆ? ದಾರೀಲಿ ಜನ ಓಡಾಡಿದ್ರೆ ತಾನೇ ಅಂಗಡಿಗೆ ಬಾಡಿಗೆ? ಎಷ್ಟು ಮೇಲ್ ಬೀಳುತ್ತೋ ಅಷ್ಟು ಬೆಲೆ. ಆಸ್ಪತ್ರೆಯೋರಿಗೆ ತೋರಿಸೋಕೂ ಬೇಕಲ್ಲ."

ಅವಳು ಮುಚ್ಚಲಿಲ್ಲ. ಮುಂದೆ ಏನೇನೋ ಆದಮೇಲೆ ಅವಳು ಪದೇ ಪದೇ ನೆನೆಸಿಕೊಂಡದ್ದು ಆ ದಿನವನ್ನೇ. ಅರ್ಧ ನಿಮಿಷದ ಕೆಲಸವಾಗಿತ್ತು.

ಫೋನು ಬಂದದ್ದು ಎರಡನೆಯ ವರ್ಷದ ಕೊನೆಯಲ್ಲಿ, ಒಂದು ಮಂಗಳವಾರ ಊಟದ ಹೊತ್ತಿಗೆ. ಗಂಡಸಿನ ದನಿ, ನಯವಾದದ್ದು, ಅವಸರವಿಲ್ಲದ್ದು.

"ಮೇಡಂ, ಆ ಆಸ್ಪತ್ರೆ ಹೆಸರು ನಿಮ್ಮ ಹತ್ತಿರ ಇದೆ ಅಂತ ಗೊತ್ತಾಯ್ತು. ನಾನು ತಗೋಬೇಕು ಅಂತಿದೀನಿ." ಹೇಳಿ, ಒಂದು ಮೊತ್ತ ನುಡಿದ. ಅಂಗಡಿಯ ಐದು ವರ್ಷದ ದುಡಿಮೆ. ಬೋರ್ಡಕ್ಕ ಕೈಯಲ್ಲಿದ್ದ ಫಲಕವನ್ನು ಮೇಜಿನ ಮೇಲಿಟ್ಟಳು.

"ನೀವು ಆಸ್ಪತ್ರೆ ಕಡೆಯೋರಾ?"

"ಅಲ್ಲ."

"ಮತ್ತೆ ವೆಬ್‌ಸೈಟ್ ಮಾಡ್ತೀರಾ?"

"ಇಲ್ಲ ಮೇಡಂ. ಏನೂ ಮಾಡಲ್ಲ. ಈಗ ಹೇಗಿದೆಯೋ ಹಾಗೇ ಇರಲಿ. ನೀವೂ ಏನೂ ಬದಲಾಯಿಸಬೇಡಿ. ಪೆಟ್ಟಿಗೆ ತೆರೆದಿದೆ ತಾನೆ? ತೆರೆದೇ ಇರಲಿ. ಇದುವರೆಗೆ ಬಂದಿರೋದನ್ನ ಅಳಿಸಬೇಡಿ. ಅದಕ್ಕೆ ಬೇರೆ ಕೊಡ್ತೀನಿ."

ಪೆಟ್ಟಿಗೆಯ ವಿಷಯ ಈತನಿಗೆ ಹೇಗೆ ಗೊತ್ತು? "ಯೋಚನೆ ಮಾಡಿ ಹೇಳ್ತೀನಿ," ಎಂದು ಹೇಗೋ ಮಾತು ಮುಗಿಸಿದಳು.

"ಮಾಡಿ, ಮಾಡಿ. ನನಗೇನೂ ಅವಸರ ಇಲ್ಲ."

ಗಂಡನಿಗೆ ಹೇಳಿದಾಗ ಅವನು ತಟ್ಟೆ ಪಕ್ಕಕ್ಕೆ ಸರಿಸಿದ. "ಮನೆ ಬೇಡ, ಕಾಗದದ ಡಬ್ಬಿ ಮಾತ್ರ ಸಾಕು ಅಂತಾನೆ ಅಂದ್ರೆ ಅವನು ಬಾಡಿಗೆಗೆ ಬಂದೋನಲ್ಲ ಕಣೇ. ಆಸ್ಪತ್ರೆಯೋರಿಗೆ ಕೊಟ್ಟು ಕೈ ತೊಳ್ಕೋ."

ಮರುದಿನವೇ ಅವಳು ದಿಣ್ಣೆ ಹತ್ತಿದಳು. ಆಸ್ಪತ್ರೆಯ ಆಡಳಿತಾಧಿಕಾರಿಯ ಬಾಗಿಲಲ್ಲಿ ಅವಳೇ ಕೊರೆದ ಹಿತ್ತಾಳೆ ಫಲಕವಿತ್ತು. ಅಂಚಿನಲ್ಲಿ ಯಾರೋ ಸರಿಯಾಗಿ ಒರೆಸದೆ ಹಸಿರು ಕಟ್ಟಿತ್ತು. ಪತ್ರಗಳು ತಪ್ಪಿ ಬರುತ್ತಿರುವುದನ್ನು ಅವಳು ಹೇಳಿದಳು, ಅಧಿಕಾರಿ ಕೇಳಿಸಿಕೊಂಡ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಸರಿ. ಎಷ್ಟಕ್ಕೆ ಕೊಡ್ತೀರಿ?"

ಬಿಟ್ಟಿ ಕೊಟ್ಟುಬಿಡಬೇಕೆಂದೇ ಅವಳು ಮನೆಯಿಂದ ಹೊರಟಿದ್ದಳು. ದಾರಿಯಲ್ಲಿ, ಹಾಕಿದ್ದಾದರೂ ಬರಲಿ ಅನ್ನಿಸಿತ್ತು. ಈಗ ಆ ತಣ್ಣನೆಯ ಕೋಣೆಯಲ್ಲಿ, ಗಾಜಿನ ಮೇಜಿನ ಎದುರು, ಬಾಯಿಂದ ಬೇರೆಯದೇ ಬಂತು. "ನನಗೆ ಜಾಸ್ತಿ ಆಸೆ ಇಲ್ಲ ಸಾರ್. ಆದ್ರೆ ಹೊರಗಿನೋರೊಬ್ರು ಇಷ್ಟು ಕೊಡ್ತೀನಿ ಅಂದಿದಾರೆ."

ಅವನು ಆ ಮೊತ್ತವನ್ನು ಕಾಗದದ ಮೇಲೆ ಬರೆದುಕೊಂಡು ಅಡಿಗೆರೆ ಎಳೆದ. "ತಿಳಿಸ್ತೀವಿ," ಎಂದ.

ತಿಳಿಸಿದ್ದು ವಕೀಲರ ಮೂಲಕ. ಆಸ್ಪತ್ರೆಯ ಹೆಸರನ್ನು ದುರುದ್ದೇಶದಿಂದ ಹಿಡಿದಿಟ್ಟುಕೊಂಡು ಹಣಕ್ಕೆ ಪೀಡಿಸುತ್ತಿದ್ದೀರಿ, ಕೂಡಲೇ ಬಿಟ್ಟುಕೊಡದಿದ್ದರೆ ಮುಂದಿನ ಪರಿಣಾಮಕ್ಕೆ ನೀವೇ ಹೊಣೆ ಎಂದು ಎರಡು ಪುಟ. ಪತ್ರಗಳು ತಪ್ಪಿ ಬರುತ್ತಿವೆ ಎಂದು ಅವಳು ಹೇಳಿದ ಮಾತಿನ ಸುಳಿವೇ ಅದರಲ್ಲಿರಲಿಲ್ಲ. ಬೋರ್ಡಕ್ಕ ಸಿಟ್ಟಿನಿಂದ ಕುದಿದುಹೋದಳು. ಒಳ್ಳೆಯದು ಹೇಳಲು ಹೋದವಳನ್ನು ಕಳ್ಳಿ ಮಾಡಿದರಲ್ಲ! ಹಾಳಾಗಿ ಹೋಗಲಿ, ಅವರ ಕಾಗದ ಅವರ ಹಣೆಬರಹ, ಎಂದು ಪೆಟ್ಟಿಗೆಯ ಕಡೆ ತಲೆಹಾಕುವುದನ್ನೇ ಬಿಟ್ಟಳು.

ಅದೇ ಹದಿನೈದು ದಿನದಲ್ಲಿ ಇನ್ನೊಂದು ಸುದ್ದಿ ಬಂತು. ಡಾಟ್ ಕ್ಯೂರ್ ನಡೆಸುತ್ತಿದ್ದ ಕಂಪನಿಯನ್ನು ಬೇರೆ ಯಾರೋ ಕೊಂಡಿದ್ದರು. ಮುಂದಿನ ತಿಂಗಳಿಂದ ನವೀಕರಣದ ದರ ಹನ್ನೆರಡು ಪಟ್ಟು. ಚಿಕ್ಕ ಹೆಸರುಗಳಿಗೆ ನಲವತ್ತು ಪಟ್ಟು. ಅಷ್ಟು ಹೊತ್ತಿಗೆ ಆ ಬಾಲಕ್ಕೆ ಕೆಟ್ಟ ಹೆಸರೂ ಬಂದಿತ್ತು. ಸುಳ್ಳು ಔಷಧಿ ಮಾರುವವರೆಲ್ಲ ಅಲ್ಲೇ ಠಿಕಾಣಿ ಹೂಡಿದ್ದರಿಂದ ಎಷ್ಟೋ ಕಚೇರಿಗಳು ಡಾಟ್ ಕ್ಯೂರ್‌ನಿಂದ ಬಂದದ್ದನ್ನು ಹೊಸ್ತಿಲಲ್ಲೇ ತಡೆಯುತ್ತಿದ್ದವು.

"ಹೀಗೆ ಮನಸ್ಸಿಗೆ ಬಂದ ಹಾಗೆ ಏರಿಸಬಹುದೇನೋ?" ಎಂದು ಅವಳು ಮೈದುನನನ್ನು ಕೇಳಿದಳು.

ಅವನು ಕಣ್ಣು ತಪ್ಪಿಸಿದ. "ಬಡಾವಣೆ ಪೂರ್ತಿ ಅವರದ್ದು ಅತ್ತಿಗೆ. ನಮ್ಮದು ಸೈಟಲ್ಲ, ಬಾಡಿಗೆ."

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ?"

"ಅವತ್ತು ಯಾರೂ ಏರಿಸಿರಲಿಲ್ಲವಲ್ಲ. ಈಗ ಹಣ ಕಟ್ಟದಿದ್ರೆ ಹೆಸರು ಹೋಗುತ್ತೆ, ಆ ಫೋನಿನೋನು ಪುಕ್ಕಟೆ ಎತ್ಕೋತಾನೆ. ಅದರ ಬದಲು ಅವನಿಗೇ ಕೊಟ್ಟು ದುಡ್ಡು ನೋಡೋದು ವಾಸಿ."

ಮಾತು ಸರಿಯೆಂದೇ ಕಂಡಿತು. ಹೇಗಿದ್ದರೂ ಅವನ ಕೈಗೇ ಹೋಗುವ ಹೆಸರು. ಆಸ್ಪತ್ರೆಯವರಂತೂ ಮುಖಕ್ಕೆ ಹೊಡೆದಂತೆ ನೋಟೀಸು ಕಳಿಸಿದ್ದರು. ಬೋರ್ಡಕ್ಕ ಕೊಡುವುದೆಂದು ನಿರ್ಧರಿಸಿದಳು. ಶುಕ್ರವಾರ ಬೆಳಿಗ್ಗೆ ಅಂಗಡಿ ತೆರೆದು, ಎಷ್ಟು ಪತ್ರ ಬಂದಿವೆ ಎಂದು ಆತನಿಗೆ ಹೇಳಲು ಪೆಟ್ಟಿಗೆ ತೆರೆದಳು. ಮೂರು ವಾರದ್ದು ರಾಶಿ ಬಿದ್ದಿತ್ತು.

ಅದರ ತಳದಲ್ಲಿ ಪರೀಕ್ಷಾಲಯವೊಂದರಿಂದ ಬಂದ ಪತ್ರ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಡಾಕ್ಟರಿಗೆ ಬರೆದದ್ದು. ಮೇಲೆ ಕೆಂಪಕ್ಷರದಲ್ಲಿ ತುರ್ತು ಎಂದಿತ್ತು. ನಲವತ್ತೊಂದು ವರ್ಷದ ಹೆಂಗಸು, ಎಡ ಎದೆಯ ಗಡ್ಡೆ, ತೆಗೆದು ಪರೀಕ್ಷಿಸಿದ ತುಣುಕು. ಡಾಕ್ಟರ ಭಾಷೆಯಾದರೂ ಕೊನೆಯ ಸಾಲು ಯಾರಿಗೂ ಅರ್ಥವಾಗುವಂಥದ್ದು. ತಡಮಾಡದೆ ಚಿಕಿತ್ಸೆ ಆರಂಭಿಸಬೇಕು. ತಾರೀಖು ಇಪ್ಪತ್ತೆರಡು ದಿನದ ಹಿಂದಿನದು.

ಬೋರ್ಡಕ್ಕ ತಾರೀಖನ್ನು ಇನ್ನೊಮ್ಮೆ ಓದಿದಳು. ತಪ್ಪು ಜಾಗದಲ್ಲಿ ಚುಕ್ಕೆ ಹಾಕಿದ ಯಾರೋ ಟೈಪಿಸ್ಟನ ತಪ್ಪು ಎಂದು ಒಂದು ಗಳಿಗೆ ಅಂದುಕೊಂಡಳು. ಮರುಗಳಿಗೆಯಲ್ಲಿ ಆ ಸಮಾಧಾನ ಕರಗಿಹೋಯಿತು. ಪತ್ರದಲ್ಲಿ ರೋಗಿಯ ಮನೆಯ ಫೋನ್ ನಂಬರ್ ಇತ್ತು. ಒತ್ತಿದಳು. ಗಂಡಸೊಬ್ಬ ಎತ್ತಿಕೊಂಡ.

"ನಿಮ್ಮ ಮನೆಯೋರ ರಿಪೋರ್ಟ್ ವಿಷಯ ಮಾತಾಡಬೇಕಿತ್ತು. ಆಸ್ಪತ್ರೆದು..."

"ಮತ್ತೆ ಶುರು ಮಾಡಿದ್ರಾ?" ಆ ದನಿ ಉರಿದುಬಿತ್ತು. "ಹೋದ ವಾರ ಗಂಡಸರ ಕೈಲಿ ಮಾಡಿಸಿದ್ರಿ, ಈ ವಾರ ಹೆಂಗಸರ ಕೈಲಾ? ದುಡ್ಡು ಕಟ್ಟಿದ್ರೆ ರಿಪೋರ್ಟ್ ಹೇಳ್ತೀವಿ ಅಂತ ಹೆದರಿಸೋದು! ಮಾನ ಮರ್ಯಾದೆ ಇಲ್ವಾ ನಿಮಗೆ? ಇಡ್ರೀ ಫೋನು."

ಇನ್ನೆರಡು ಸಲ ಮಾಡಿದಳು, ಎತ್ತಲಿಲ್ಲ. ಹೋದ ವಾರ ಯಾರೋ ಫೋನು ಮಾಡಿದ್ದಾರೆ. ಅಂದರೆ ಈ ಪತ್ರವನ್ನು ತನಗಿಂತ ಮೊದಲೇ ಇನ್ಯಾರೋ ಓದಿದ್ದಾರೆ. ಪೆಟ್ಟಿಗೆ ಇರುವುದು ತನ್ನ ಅಂಗಡಿಯ ಕಂಪ್ಯೂಟರಿನಲ್ಲಿ.

ಅದನ್ನು ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ. ಪತ್ರದಲ್ಲಿ ಕೆಲಸದ ಜಾಗ ಎಂದು ಒಂದು ಬೇಕರಿಯ ವಿಳಾಸವಿತ್ತು. ಪತ್ರವನ್ನು ಕಾಗದಕ್ಕೆ ಇಳಿಸಿಕೊಂಡು, ಅಂಗಡಿಯ ಬಾಗಿಲೆಳೆದು ಆಟೋ ಹತ್ತಿದಳು.

ಬೇಕರಿಯ ಹಿಂಭಾಗದಲ್ಲಿ ಒಲೆಯ ಝಳ ಮುಖಕ್ಕೆ ರಾಚುತ್ತಿತ್ತು. ತಲೆಗೆ ಬಟ್ಟೆ ಕಟ್ಟಿದ, ಮೊಣಕೈವರೆಗೆ ಹಿಟ್ಟು ಮೆತ್ತಿದ ಹೆಂಗಸು ಬ್ರೆಡ್ಡಿನ ಅಚ್ಚುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಬೋರ್ಡಕ್ಕ ಪತ್ರದಲ್ಲಿದ್ದ ಹೆಸರು ಹೇಳಿ ಕೇಳಿದಳು.

"ಹೌದು, ನಾನೇ. ಏನಾಗಬೇಕಿತ್ತು?"

"ಒಂದು ನಿಮಿಷ ಹೊರಗೆ ಬರ್ತೀರಾ ತಾಯಿ?"

ಹಿಟ್ಟಿನ ಮೂಟೆಗಳ ಪಕ್ಕ ನಿಂತು ಅವಳು ಕಾಗದ ಕೊಟ್ಟಳು. ಎಷ್ಟು ಬಗೆಯಲ್ಲಿ ಹೇಳಬೇಕೆಂದು ಆಟೋದಲ್ಲಿ ಜೋಡಿಸಿಕೊಂಡು ಬಂದಿದ್ದಳೋ, ಒಂದೂ ನೆನಪಾಗಲಿಲ್ಲ. ಬೇಕರಿಯವಳು ನಿಧಾನವಾಗಿ ಓದಿದಳು. ಕಾಗದದ ಮೇಲೆ ಹಿಟ್ಟಿನ ಬೆರಳುಗಳು ಮೂಡಿದವು.

"ಏನೂ ಸುದ್ದಿ ಬರದಿದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ ಅಂದಿದ್ರು," ಎಂದಳು. ಆಮೇಲೆ ತಾರೀಖಿನ ಮೇಲೆ ಬೆರಳಿಟ್ಟಳು. "ಇಷ್ಟು ದಿನ ಇದು ಎಲ್ಲಿತ್ತು?"

"ನನ್ನ ಹತ್ತಿರ."

"ನೀವು ಡಾಕ್ಟ್ರಾ?"

"ಅಲ್ಲ. ನಾನು ಬೋರ್ಡ್ ಬರೆಯೋಳು." ಚುಕ್ಕೆಯ ವಿಷಯ, ಹೆಸರಿನ ವಿಷಯ, ಮೂರು ವಾರದ ಸಿಟ್ಟಿನ ವಿಷಯ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ದನಿಯೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಬೇಕರಿಯವಳು ಬೈಯಲಿಲ್ಲ. ತಲೆಯ ಬಟ್ಟೆ ಬಿಚ್ಚಿ ಕೈ ಒರೆಸಿಕೊಂಡಳು. "ನನಗಿಂತ ಮೊದಲು ನಿಮಗೆ ಗೊತ್ತಾಯ್ತಲ್ಲ," ಎಂದಳು. "ಆ ಫೋನಿನೋನಿಗೂ ಗೊತ್ತಾಗಿತ್ತು. ಎಡಗಡೆ ಅಂತ ಹೇಳಿದ. ನಾನೂ ನಮ್ಮೋರೂ ಸುಳ್ಳು ಅಂತ ಬೈದು ಇಟ್ವಿ. ಎಡಗಡೆ ಅಂತ ಅವನಿಗೆ ಹೇಗೆ ಗೊತ್ತು ಅಂತ ಆಮೇಲೆ ನನಗನ್ನಿಸ್ತು. ಯಾರಿಗೂ ಹೇಳಲಿಲ್ಲ. ಇನ್ನೂ ಎಷ್ಟು ಜನ ಓದಿದಾರೆ ಇದನ್ನ?"

ಬೋರ್ಡಕ್ಕ ಅದೇ ಆಟೋದಲ್ಲಿ ಅವಳನ್ನು ಕೂರಿಸಿಕೊಂಡು ದಿಣ್ಣೆ ಹತ್ತಿಸಿದಳು. ಡಾಕ್ಟರು ಕಾಗದ ನೋಡಿದ ತಕ್ಷಣ ಕುರ್ಚಿಯಿಂದ ಎದ್ದರು. ಅಂದೇ ದಾಖಲು ಮಾಡಿಕೊಂಡರು.

ಸಂಜೆ ಮೈದುನ ಮನೆಗೆ ಬಂದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಗಂಡ ಬಸ್ಸಿನ ಸಮವಸ್ತ್ರವನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತಿದ್ದ.

"ಪೆಟ್ಟಿಗೆಯ ಪಾಸ್‌ವರ್ಡ್ ನಿನ್ನ ಹತ್ತಿರನೂ ಇದೆ ಅಲ್ವಾ?"

"ಇದೆ. ನಾನೇ ತಾನೆ ಮಾಡಿಕೊಟ್ಟಿದ್ದು. ಯಾಕೆ?"

"ಯಾರಿಗೆ ಕೊಟ್ಟೆ?"

ಅವನು ನಗಲು ನೋಡಿದ. ಅಣ್ಣನ ಮುಖ ಕಂಡು ನಗು ಅರ್ಧಕ್ಕೇ ನಿಂತಿತು. "ಪಾಸ್‌ವರ್ಡ್ ಕೊಟ್ಟಿಲ್ಲ ಅತ್ತಿಗೆ, ಆಣೆ ಮಾಡ್ತೀನಿ. ನಿಮಗೆ ಫೋನ್ ಮಾಡೋಕೆ ಮುಂಚೆ ಅವನು ನನಗೆ ಮಾಡಿದ್ದ. ಕೊಳ್ಳೋನು ಮಾಲು ನೋಡದೆ ಕೊಳ್ತಾನಾ? ಸ್ಯಾಂಪಲ್ ಕೇಳಿದ. ಆಗಾಗ ಒಂದೊಂದು ಕಳಿಸಿದೆ. ಇಪ್ಪತ್ತೇ ಇಪ್ಪತ್ತು."

"ಇಪ್ಪತ್ತೇ ಇಪ್ಪತ್ತು," ಎಂದು ಬೋರ್ಡಕ್ಕ ಮೆಲ್ಲಗೆ ಹೇಳಿದಳು.

"ಮುಂಗಡ ಕೊಟ್ಟಿದ್ದ. ಹೇಗೂ ಮಾರ್ತೀವಲ್ಲ ಅಂತ..."

ಡ್ರೈವರು ಎದ್ದು ತಮ್ಮನ ಹತ್ತಿರ ಹೋದ. ಹೊಡೆಯುತ್ತಾನೆಂದು ಬೋರ್ಡಕ್ಕ ಬೆದರಿದಳು. ಅವನು ತಮ್ಮನ ಜೇಬಿನಿಂದ ಫೋನು ತೆಗೆದು ಅವಳ ಕೈಗಿಟ್ಟ. "ನಡಿ, ಠಾಣೆಗೆ ಹೋಗೋಣ," ಎಂದ. "ನಾನೂ ಬರ್ತೀನಿ. ಒಬ್ಬನೇ ಹೋದ್ರೆ ದಾರೀಲಿ ಇನ್ನೇನಾದ್ರೂ ಮಾರ್ತೀಯ."

ಠಾಣೆಯಲ್ಲಿ ಬರೆಸಿಕೊಂಡರು. ಮೈದುನನ ಫೋನನ್ನು ಇಟ್ಟುಕೊಂಡು, ಕರೆದಾಗ ಬರಬೇಕೆಂದು ಹೇಳಿ ಕಳಿಸಿದರು. ಆ ನಯವಾದ ದನಿಯ ನಂಬರು ಯಾರ ಹೆಸರಲ್ಲೂ ಇರಲಿಲ್ಲ. ಮೈದುನ ಮಾರನೆಯ ದಿನ ಬೇರೆ ಕೋಣೆ ಹಿಡಿದ. ಅಣ್ಣನ ಮನೆಗೆ ಮತ್ತೆ ಊಟಕ್ಕೆ ಬರಲಿಲ್ಲ.

ಬೋರ್ಡಕ್ಕ ಅರ್ಧ ನಿಮಿಷದ ಆ ಕೆಲಸವನ್ನು ಕೊನೆಗೂ ಮಾಡಿದಳು. ಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಆಸ್ಪತ್ರೆಗೆ ಒಪ್ಪಿಸಿ, ಪೆಟ್ಟಿಗೆ ಮುಚ್ಚಿದಳು. ಇನ್ನು ತಪ್ಪಿ ಬಂದದ್ದು ಕಳಿಸಿದವರಿಗೇ ತಿರುಗಿ ಹೋಗುತ್ತದೆ. ಹೆಸರನ್ನೂ ತೆಗೆದುಕೊಳ್ಳಿ, ಏನೂ ಬೇಡ, ಎಂದು ಆಡಳಿತಾಧಿಕಾರಿಗೆ ಬರೆದುಕೊಟ್ಟಳು. ಈಗ ಅವನ ಮುಖದಲ್ಲಿ ಗೆರೆಗಳು ಮೂಡಿದ್ದವು. ಆದರೆ ಹೊಸ ದರ ನೋಡಿದ ಲೆಕ್ಕದ ವಿಭಾಗದವರು, ಬೇರೆ ಬಾಲದ ಹೆಸರಿಗೆ ವರ್ಷಾ ವರ್ಷಾ ಇಷ್ಟು ಸುರಿಯುವುದು ಯಾವ ನ್ಯಾಯ ಎಂದು ಕಡತವನ್ನು ಮೇಲಕ್ಕೆ ಕಳಿಸಿದರು. ಅದು ಅಲ್ಲೇ ಕೂತಿತು. ದರ ಏರಲು ಆರು ದಿನ ಉಳಿದಿತ್ತು. ಹಳೆಯ ದರದಲ್ಲಿ ಹತ್ತು ವರ್ಷದ್ದನ್ನು ಒಟ್ಟಿಗೆ ಕಟ್ಟಲು ಅವಕಾಶವಿತ್ತು, ಅದಕ್ಕಿಂತ ಹೆಚ್ಚಿಗಿಲ್ಲ. ಅವಳು ಉಳಿದ ಹನ್ನೆರಡು ಹೆಸರುಗಳನ್ನು ಕೈಬಿಟ್ಟು ಆ ಒಂದಕ್ಕೆ ಹತ್ತು ವರ್ಷ ಕಟ್ಟಿದಳು. ಉಸಿರೂ ಹೋಯಿತು, ನಿದ್ದೆಯೂ ಹೋಯಿತು.

ಕಟ್ಟಿದ ಮೂರನೆಯ ದಿನ ಫೋನು ಬಂತು. ನಂಬರು ಬೇರೆ, ದನಿ ಅದೇ.

"ಹತ್ತು ವರ್ಷ ಮಾಡಿಸಿಬಿಟ್ರಲ್ಲ ಮೇಡಂ."

ಅವಳು ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

"ಒಳ್ಳೇದೇ. ನನಗೇನೂ ಬೇಜಾರಿಲ್ಲ. ಹತ್ತು ವರ್ಷ ಏನು ಮಹಾ? ನಿಮಗೀಗ ಐವತ್ತೆರಡು ಅಲ್ವಾ?"

"ಯಾರ್ರೀ ನೀವು?"

"ಹೊಸ ಬಾಲಗಳು ತಿಂಗಳಿಗೊಂದು ಹುಟ್ತಾ ಇವೆ ಮೇಡಂ. ಎಲ್ಲದಕ್ಕೂ ನೀವೊಬ್ರೇ ಕಟ್ತೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟ.

ಅವಳು ಠಾಣೆಗೆ ಹೋಗಿ ಆ ನಂಬರನ್ನೂ ಬರೆಸಿ ಬಂದಳು.

ಬೇಕರಿಯವಳಿಗೆ ಶಸ್ತ್ರಚಿಕಿತ್ಸೆಯಾಗಿ ಔಷಧಿ ಶುರುವಾಗಿತ್ತು. ನೋಡಲು ಹೋದ ಬೋರ್ಡಕ್ಕನನ್ನು ಅವಳ ಗಂಡ ವಾರ್ಡಿನ ಹೊರಗೇ ತಡೆದ. ಮೂರು ವಾರ ಮೊದಲೇ ಆಗಿದ್ದರೆ ವ್ಯತ್ಯಾಸ ಆಗುತ್ತಿತ್ತೇ ಎಂದು ಅವನು ಡಾಕ್ಟರನ್ನು ಕೇಳಿದ್ದನಂತೆ. ಆಗಿರಬಹುದು, ಆಗದೇ ಇರಬಹುದು, ಯಾರೂ ಖಚಿತವಾಗಿ ಹೇಳಲಾರರು ಎಂದರಂತೆ. "ಅವಳು ನಿಮ್ಮ ಮೇಲೆ ಸಿಟ್ಟಿಲ್ಲ ಅಂತಾಳೆ. ನನಗಿದೆ," ಎಂದ. "ಒಳಗೆ ಹೋಗಬೇಡಿ." ತಂದಿದ್ದ ಹಣ್ಣನ್ನು ಬೆಂಚಿನ ಮೇಲಿಟ್ಟು ಅವಳು ತಿರುಗಿ ಬಂದಳು.

ಮೈದುನ ಕಳಿಸಿದ ಇಪ್ಪತ್ತರಲ್ಲಿ ಬೇಕರಿಯವಳನ್ನು ಬಿಟ್ಟು ಉಳಿದವರು ಹತ್ತೊಂಬತ್ತು ಜನ. ಪೊಲೀಸರು ಎಚ್ಚರಿಸುತ್ತೇವೆ ಎಂದಿದ್ದರು, ಆಸ್ಪತ್ರೆಯವರೂ ಎಂದಿದ್ದರು. ಬೋರ್ಡಕ್ಕ ಇಬ್ಬರನ್ನೂ ನಂಬಿಕೊಂಡು ಕೂರಲಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ಅವರ ವಿಳಾಸಗಳನ್ನು ಬರೆದಿಟ್ಟುಕೊಂಡಿದ್ದಳು, ಹತ್ತೊಂಬತ್ತು ಜನಕ್ಕೂ ತನ್ನ ಕೈಯಾರೆ ಪತ್ರ ಬರೆದಳು. ನಿಮ್ಮ ಪತ್ರ ನನ್ನ ಕಡೆಯಿಂದ ಕೆಟ್ಟವರ ಕೈಸೇರಿದೆ, ಆಸ್ಪತ್ರೆಯ ಹೆಸರು ಹೇಳಿ ಯಾರು ಹಣ ಕೇಳಿದರೂ ಕೊಡಬೇಡಿ. ಕೆಳಗೆ ತನ್ನ ಹೆಸರು, ಅಂಗಡಿಯ ವಿಳಾಸ. ಗಂಡ ಬಸ್ಸಿನ ಪಾಳಿ ಮುಗಿಸಿ ಬರುವಾಗ ಅಂಚೆಪೆಟ್ಟಿಗೆಗೆ ಹಾಕಿ ಬಂದ. "ವಿಳಾಸ ಎರಡೆರಡು ಸಲ ನೋಡಿದೀನಿ," ಎಂದ.

ಒಬ್ಬರು ಅಂಗಡಿಗೇ ಬಂದು ಬಾಯಿಗೆ ಬಂದಂತೆ ಬೈದು ಹೋದರು. ಇಬ್ಬರು ಫೋನಿನಲ್ಲಿ ಅತ್ತರು. ಕೆಲವರು ಏನೂ ಹೇಳಲಿಲ್ಲ. ಒಂದು ಪತ್ರ ಮಾತ್ರ, ಈ ವಿಳಾಸದಲ್ಲಿ ಯಾರೂ ಇಲ್ಲ ಎಂಬ ಮುದ್ರೆಯೊಂದಿಗೆ ತಿರುಗಿ ಬಂತು. ಕಿಡ್ನಿಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಡಿ ಎಂದು ಆಸ್ಪತ್ರೆಗೆ ಬರೆದಿದ್ದ ಒಬ್ಬ ದರ್ಜಿಯದು.

ಬೋರ್ಡಕ್ಕ ಆ ವಿಳಾಸ ಹುಡುಕಿಕೊಂಡು ಹೋದಳು. ಮೂರನೆಯ ಮಹಡಿ, ಕಿರಿದಾದ ಮೆಟ್ಟಿಲು, ಗೋಡೆಯಿಂದ ಸುಣ್ಣ ಕಳಚುತ್ತಿತ್ತು. ಬಾಗಿಲಿಗೆ ಬೀಗ. ಬೀಗದ ಮೇಲೆ ಆಗಲೇ ಧೂಳು ಕೂತಿತ್ತು. ಪಕ್ಕದ ಮನೆಯಾಕೆ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಹೊರಬಂದಳು.

"ಅವರಿಲ್ಲ. ಹೋಗಿ ತಿಂಗಳ ಮೇಲಾಯ್ತು."

"ಎಲ್ಲಿಗೆ ಹೋದ್ರು?"

"ಯಾರಿಗ್ಗೊತ್ತು? ಆಪರೇಷನ್ನಿಗೆ ಮುಂಗಡ ಕಟ್ಟಿ ಅಂತ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಇದ್ದ ಎರಡು ಹೊಲಿಗೆ ಮಿಷನ್ನೂ ಮಾರಿ ಕಟ್ಟಿದ್ರು. ಹೇಳಿದ ದಿನ ಚೀಲ ಹಿಡ್ಕೊಂಡು ಹೋದ್ರೆ ಅಲ್ಲಿ ಇವರ ಹೆಸರೇ ಇರಲಿಲ್ವಂತೆ. ಎರಡು ದಿನ ಬಾಗಿಲು ಹಾಕ್ಕೊಂಡು ಒಳಗೇ ಇದ್ರು. ಮೂರನೇ ದಿನ ಬೆಳಿಗ್ಗೆ ನೋಡ್ತೀನಿ, ಬೀಗ." ಆಕೆ ಬಕೆಟ್ಟು ಕೆಳಗಿಟ್ಟು ಬೋರ್ಡಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಯಾರು? ಆಸ್ಪತ್ರೆಯೋರಾ?"

"ಅಲ್ಲ," ಎಂದಳು ಬೋರ್ಡಕ್ಕ. "ಅವರ ಕಾಗದ ನನ್ನ ಹತ್ತಿರ ಬಂದಿತ್ತು."

"ಬಂದಿದ್ರೆ ಆಗಲೇ ಹೇಳೋದಲ್ವಾ?" ಎಂದು ಆಕೆ ಸಹಜವಾಗಿ ಕೇಳಿದಳು. ಕೇಳಿ, ಒಂದು ಅಂಗಿಯನ್ನು ಕೊಡವಿ ತಂತಿಗೆ ಹಾಕತೊಡಗಿದಳು.